ಈ ಕೋಣೆ ನಮ್ಮ ಬಿಸಿಲಿಗೂ ಹೊಂದಲಿ
(ಜೀವಕೋಶ ಬೆಳೆಸುವ ಯಂತ್ರಗಳ ವಿನ್ಯಾಸಕಾರರಿಗೆ ಯಾದಗಿರಿ ಜಿಲ್ಲೆಯ ನಾರಾಯಣಪುರದಿಂದ ಬಹಿರಂಗ ಪತ್ರ)

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ, ಹೊಸ ಕಂಪನಿಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಯೋರಿಯಾಕ್ಟರ್ ವಿನ್ಯಾಸಕ್ಕೆ ಕುಳಿತಿರುವ ಗೆಳೆಯ ಗೆಳತಿಯರೇ,

ಮನುಷ್ಯನ ಜೀವಕೋಶ ಚೆನ್ನಾಗಿ ಬೆಳೆಯುವುದು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ಸಾಕುವ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ ಗೊತ್ತಿರುವುದು ಬಿಸಿ ಮಾಡುವ ಕೆಲಸ ಒಂದೇ. ಒಳಗೊಂದು ಹೀಟರು, ಒಂದು ಸೆನ್ಸರು. ಉಷ್ಣತೆ 37ರಿಂದ ಇಳಿದರೆ ಹೀಟರು ಹತ್ತುತ್ತದೆ, ಏರಿದರೆ ಆರುತ್ತದೆ. ಆರಿದ ಮೇಲೆ ಒಳಗಿನ ಹೆಚ್ಚುವರಿ ಶಾಖ ತಾನಾಗಿಯೇ ಹೊರಗೆ ಹೋಗಬೇಕು. ಹೋಗಬೇಕೆಂದರೆ ಹೊರಗಿನ ಗಾಳಿ ನಾಲ್ಕೈದು ಡಿಗ್ರಿಯಾದರೂ ತಣ್ಣಗಿರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ನಾರಾಯಣಪುರದ ಮಧ್ಯಾಹ್ನ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಪೆಟ್ಟಿಗೆಯ ಹೀಟರು ಆರಿಯೇ ಇರುತ್ತದೆ. ಒಳಗಿನ ಕೋಶಗಳು ಮಾತ್ರ ಬೇಯುತ್ತಿರುತ್ತವೆ. ಜೀವಕೋಶ ತಂಪನ್ನು ತಾಳಿಕೊಂಡಷ್ಟು ಬಿಸಿಯನ್ನು ತಾಳುವುದಿಲ್ಲ. 25 ಡಿಗ್ರಿಗೆ ಇಳಿದರೆ ಮಂಕಾಗಿ ಗಂಟೆಗಟ್ಟಲೆ ಉಳಿದೀತು, 43 ಡಿಗ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ.

ಇದನ್ನು ಹೇಳಲು ಬೇರೆ ಯಾರನ್ನೂ ಹುಡುಕದೆ ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಗಾತ್ರ, ಎತ್ತರ, ಹರಿವು, ಎಳೆತ ಎಲ್ಲವನ್ನೂ ಬೇಕಾದಂತೆ ಬದಲಿಸಿಕೊಳ್ಳಬಹುದಾದ ಕೋಣೆಗಳನ್ನು ಈಗ ರೂಪಿಸುತ್ತಿರುವವರು ನೀವು. ಒಂದೇ ಯಂತ್ರದಲ್ಲಿ ಇವತ್ತು ಚರ್ಮದ ಕೋಶ, ನಾಳೆ ರಕ್ತನಾಳದ ಒಳಪದರ, ನಾಡಿದ್ದು ಯಕೃತ್ತಿನ ಕೋಶ ಬೆಳೆಯಬೇಕೆಂಬುದು ನಿಮ್ಮ ಗುರಿ. ನನ್ನ ಬೇಡಿಕೆ ಅಲ್ಲಿಂದ ಒಂದೇ ಹೆಜ್ಜೆ ಮುಂದಿನದು: ಕೋಶಕ್ಕೆ ತಕ್ಕಂತೆ ಹೊಂದುವ ಕೋಣೆ ಊರಿಗೆ ತಕ್ಕಂತೆಯೂ ಹೊಂದಲಿ. ತಾಲ್ಲೂಕು ಮಟ್ಟದಲ್ಲಿ ನಿಂತು ಕೆಲಸ ಮಾಡುವುದನ್ನು ಆಮೇಲೆ ಸೇರಿಸುವ ಸೌಕರ್ಯವೆಂದು ಎಣಿಸದೆ ಮೊದಲ ನಕ್ಷೆಯಲ್ಲೇ ಬರೆದುಕೊಳ್ಳಿ. ನಾನು ಇಲ್ಲಿನ ಮಕ್ಕಳಿಗೆ ವಿಜ್ಞಾನ ಕಲಿಸುವವನು. ಅವರ ಪಠ್ಯಪುಸ್ತಕದಲ್ಲಿ ಜೀವಕೋಶದ ಚಿತ್ರವಿದೆ. ಬದುಕಿರುವ ಮನುಷ್ಯಕೋಶವನ್ನು ಕಣ್ಣಾರೆ ಕಂಡ ಮಗು ಈ ಭಾಗದಲ್ಲಿ ಸಿಗುವುದು ಕಷ್ಟ.

ಹೊಂದಿಸಬಲ್ಲ ಕೋಣೆ ಯಾಕೆ ಬೇಕು ಎನ್ನುವುದು ನಿಮಗೆ ಹೇಳಿಕೊಡುವ ವಿಷಯವಲ್ಲ. ಆದರೂ ಈ ಪತ್ರವನ್ನು ಓದುವ ನಮ್ಮ ಜನರಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಪ್ರಾಣಿಗಳ ಕೋಶವನ್ನು ದೊಡ್ಡ ತೊಟ್ಟಿಯಲ್ಲಿ ಒಮ್ಮೆಗೇ ಬಿತ್ತಲು ಬರುವುದಿಲ್ಲ. ಒಂದು ಮಿಲಿಲೀಟರ್ ಪೋಷಕ ದ್ರವದಲ್ಲಿ ಎರಡು ಮೂರು ಲಕ್ಷ ಕೋಶಗಳಾದರೂ ಇರಬೇಕು. ಅದಕ್ಕಿಂತ ತೀರಾ ವಿರಳವಾದರೆ ಅವು ಬೆಳೆಯದೆ ನಿಲ್ಲುತ್ತವೆ, ಕೋಶಗಳು ಒಂದಕ್ಕೊಂದು ಸ್ರವಿಸಿಕೊಳ್ಳುವ ಪ್ರಚೋದಕಗಳು ಸಾಲದೆ ಹೋಗುತ್ತವೆ. ಹೆಪ್ಪುಗಟ್ಟಿಸಿ ಇಟ್ಟ ಒಂದು ಪುಟ್ಟ ಸೀಸೆಯಲ್ಲಿ ಸುಮಾರು ಒಂದು ಕೋಟಿ ಕೋಶಗಳಿರುತ್ತವೆ. ಅದು ಸಾಕಾಗುವುದು ಮೂವತ್ತು ನಲವತ್ತು ಮಿಲಿಲೀಟರಿಗೆ. ಅಲ್ಲಿಂದ 2,000 ಲೀಟರಿನ ತೊಟ್ಟಿಗೆ ಹೋಗಬೇಕೆಂದರೆ ಕೋಶಗಳು ಹದಿನಾರು ಸಲ ಇಮ್ಮಡಿಯಾಗಬೇಕು. ಇಮ್ಮಡಿಯಾಗಲು ದಿನಕ್ಕೊಂದು ಸಲವೆಂದು ಹಿಡಿದರೂ ಎರಡು ವಾರದ ಮೇಲೆ ಹಿಡಿಯುತ್ತದೆ. ಈ ದಾರಿಯುದ್ದಕ್ಕೂ ಸೀಸೆಯಿಂದ ಫ್ಲಾಸ್ಕಿಗೆ, ಫ್ಲಾಸ್ಕಿನಿಂದ ಸಣ್ಣ ತೊಟ್ಟಿಗೆ, ಅಲ್ಲಿಂದ ಇನ್ನೂ ದೊಡ್ಡದಕ್ಕೆ ವರ್ಗಾಯಿಸುತ್ತ ಹೋಗಬೇಕು. ಪ್ರತಿ ವರ್ಗಾವಣೆಯೂ ಒಂದು ಬಾಗಿಲು ತೆರೆದಂತೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಒಂದೇ ಒಂದು ಬ್ಯಾಕ್ಟೀರಿಯಾ ಆ ಬಾಗಿಲಲ್ಲಿ ನುಗ್ಗಿದರೆ ಹತ್ತು ಗಂಟೆಯಲ್ಲಿ ನೂರು ಕೋಟಿ ದಾಟುತ್ತದೆ. ಅಷ್ಟರಲ್ಲಿ ಪ್ರಾಣಿಕೋಶ ಒಂದು ಸಲವೂ ಒಡೆದಿರುವುದಿಲ್ಲ.

ಕೋಣೆಯ ಗಾತ್ರವನ್ನೇ ಹಿಗ್ಗಿಸಲು ಬಂದರೆ ಈ ಬಾಗಿಲುಗಳಲ್ಲಿ ಹಲವನ್ನು ತೆರೆಯಬೇಕಾಗಿಲ್ಲ. 1990ರ ದಶಕದ ಕೊನೆಯಲ್ಲಿ ವಿಜಯ್ ಸಿಂಗ್ ಎಂಬ ಎಂಜಿನಿಯರು ಅಮೆರಿಕದಲ್ಲಿ ಮಾಡಿ ತೋರಿಸಿದ್ದು ಇದೇ. ರೋಗಾಣುಮುಕ್ತ ಮಾಡಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಅರೆಪಾಲು ಗಾಳಿ, ಕೆಳಗೆ ತೂಗುವ ಹಲಗೆ. ಹಲಗೆ ತೂಗಿದಂತೆ ದ್ರವದಲ್ಲಿ ಅಲೆ ಏಳುತ್ತದೆ, ಅಲೆಯಿಂದ ಆಮ್ಲಜನಕ ಕರಗುತ್ತದೆ, ಕೋಶಗಳನ್ನು ಕಡೆಯುವ ರೆಕ್ಕೆಚಕ್ರವೇ ಬೇಡ. ಸ್ವಲ್ಪ ದ್ರವದಲ್ಲಿ ಶುರು ಮಾಡಿ ಕೋಶ ಹೆಚ್ಚಿದ ಹಾಗೆ ಅದೇ ಚೀಲಕ್ಕೆ ದ್ರವ ತುಂಬುತ್ತ ಹೋಗಬಹುದು. ಉಕ್ಕಿನ ತೊಟ್ಟಿಯಲ್ಲಾದರೆ ರೆಕ್ಕೆಚಕ್ರ ಮುಳುಗುವಷ್ಟು ದ್ರವ ಮೊದಲ ದಿನವೇ ಇರಬೇಕು. ಆ ಸರಳ ಚೀಲ ಇವತ್ತು ಜಗತ್ತಿನ ಹಲವು ಔಷಧ ಕಾರ್ಖಾನೆಗಳಲ್ಲಿ ಇದೆ.

ಇದು ತೇಲುವ ಕೋಶಗಳ ಮಾತು. ಅಂಗಾಂಶವಾಗಿ ಒತ್ತಾಗಿ ಬೆಳೆಯುವ ಕೋಶಗಳ ಕಷ್ಟ ಬೇರೆ, ನನಗೆ ಹೆಚ್ಚು ಹತ್ತಿರವಾದದ್ದೂ ಅದೇ. ಯಾಕೆಂದರೆ ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಾಲುವೆಯೊಂದೇ ಸಾಕು. ಕೃಷ್ಣೆಗೆ ಅಡ್ಡಲಾಗಿ 1982ರಲ್ಲಿ ಎದ್ದ ಬಸವಸಾಗರ ನಮ್ಮೂರಿನದು: 30 ಗೇಟು, ಹತ್ತು ಕಿಲೋಮೀಟರಿಗೂ ಉದ್ದದ ಒಡ್ಡು, 33 ಟಿಎಂಸಿ ಅಡಿಯಷ್ಟು ನೀರು. ಇಷ್ಟು ನೀರಿದ್ದೂ ಎಡದಂಡೆ ಕಾಲುವೆಯ ಕೊನೆಯ ಹಳ್ಳಿಗಳವರು ವರ್ಷ ವರ್ಷ ಕೇಳಿಕೊಂಡು ಬಂದದ್ದು ಒಂದೇ ಪ್ರಶ್ನೆ, ನಮ್ಮ ಪಾಲಿನ ನೀರು ಎಲ್ಲಿ ಎಂದು. ಮೇಲ್ಭಾಗದ ಹೊಲಗಳು ಹೆಚ್ಚು ಕುಡಿದು ಜವಳಾದವು, ಟೇಲೆಂಡಿನ ಹೊಲಗಳು ಬಿರುಕು ಬಿಟ್ಟವು. ನಿಮ್ಮ ಕೋಣೆಯೊಳಗಿನ ಅಂಗಾಂಶದಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ದ್ರವ ಒಳಬರುವ ತೂಬಿನ ಬಳಿಯ ಕೋಶಗಳು ಆಮ್ಲಜನಕವನ್ನು ಮೊದಲು ಹೀರಿಕೊಳ್ಳುತ್ತವೆ. ನಡುವಿನಲ್ಲಿ, ಕೊನೆಯಲ್ಲಿ ಇರುವವು ಉಸಿರುಗಟ್ಟುತ್ತವೆ. 37 ಡಿಗ್ರಿಯಲ್ಲಿ ಒಂದು ಲೀಟರ್ ಪೋಷಕ ದ್ರವದಲ್ಲಿ ಕರಗುವ ಆಮ್ಲಜನಕ ಆರೇಳು ಮಿಲಿಗ್ರಾಂ ಮಾತ್ರ, ರಕ್ತ ಹೊರುವುದಕ್ಕಿಂತ ಹತ್ತಾರು ಪಟ್ಟು ಕಡಿಮೆ. ರಕ್ತನಾಳವಿಲ್ಲದ ಅಂಗಾಂಶದೊಳಗೆ ಅದು ಸೋಸಿಕೊಂಡು ತಲುಪುವುದು 0.1ರಿಂದ 0.2 ಮಿಲಿಮೀಟರ್ ಆಳದವರೆಗೆ. ಅದರಾಚೆಗೆ ಹೋಗಬೇಕಾದರೆ ದ್ರವವನ್ನು ಅಂಗಾಂಶದ ನಡುವೆಯೇ ಹರಿಸಬೇಕು.

ಹರಿವನ್ನು ಹೆಚ್ಚಿಸಿಬಿಟ್ಟರೆ ಮುಗಿಯಲಿಲ್ಲವೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಹೆಚ್ಚಿಸಿದರೆ ದ್ರವದ ಉಜ್ಜುವಿಕೆ ಕೋಶವನ್ನು ಕಿತ್ತೊಯ್ಯುತ್ತದೆ. ಎರಡು ಚಪ್ಪಟೆ ಗಾಜಿನ ನಡುವೆ ದ್ರವ ಹರಿಯುವ ಕೋಣೆಯಲ್ಲಿ ಆ ಉಜ್ಜುಬಲ ನಿಂತಿರುವುದು ಹರಿವಿನ ಮೇಲೆ, ಅದಕ್ಕಿಂತಲೂ ಹೆಚ್ಚಾಗಿ ಕೋಣೆಯ ಎತ್ತರದ ಮೇಲೆ. ಹರಿವು ಇದ್ದಷ್ಟೇ ಇಟ್ಟು ಎತ್ತರವನ್ನು ಅರ್ಧಕ್ಕೆ ಇಳಿಸಿದರೆ ಉಜ್ಜುಬಲ ನಾಲ್ಕು ಪಟ್ಟಾಗುತ್ತದೆ. ಅಪಧಮನಿಯ ಒಳಗೋಡೆಯ ಕೋಶಗಳು ಒಂದೆರಡು ಪಾಸ್ಕಲ್ ಒತ್ತಡದ ಉಜ್ಜುವಿಕೆಯನ್ನು ಬಯಸುತ್ತವೆ. ಅದು ಸಿಕ್ಕರೆ ಹರಿವಿನ ದಿಕ್ಕಿಗೆ ಸಾಲಾಗಿ ಮಲಗುತ್ತವೆ, ಸಿಗದಿದ್ದರೆ ದಿಕ್ಕುಗೆಟ್ಟು ಹರಡುತ್ತವೆ. ಯಕೃತ್ತಿನ ಕೋಶಕ್ಕೆ ಅಷ್ಟು ಉಜ್ಜಿದರೆ ಹಾನಿ. ಶ್ವಾಸಕೋಶದ ಕೋಶಕ್ಕೆ ಹರಿವಿನ ಜೊತೆಗೆ ಹಿಗ್ಗು ಕುಗ್ಗು ಬೇಕು. 2010ರಲ್ಲಿ ಹಾರ್ವರ್ಡಿನಲ್ಲಿ ಡೊನಾಲ್ಡ್ ಇಂಗ್ಬರ್ ತಂಡ ತೆಳುಪೊರೆಯನ್ನು ನಿರ್ವಾತದಿಂದ ಎಳೆದೆಳೆದು ಬಿಡುವ ಪುಟ್ಟ ಕೋಣೆ ಮಾಡಿ ಅದನ್ನು ಸಾಧಿಸಿತು. ಹಾಗಾಗಿ ಮುಚ್ಚಳದ ಎತ್ತರವನ್ನು ತಿರುಪಿನಿಂದ ಏರಿಸಿ ಇಳಿಸುವ ಕೋಣೆ ನೋಡಲು ಸಣ್ಣದಾದರೂ ಅದರ ಉಪಯೋಗ ಸಣ್ಣದಲ್ಲ. ಕೂದಲೆಳೆಯಷ್ಟು ತಿರುವಿದರೂ ಒಳಗಿನ ಬದುಕು ಬದಲಾಗುತ್ತದೆ. ತಿರುಪಿನ ಆ ಅಳತೆ ಬೆಂಗಳೂರಿನಲ್ಲೂ ಇಲ್ಲೂ ಒಂದೇ ಆಗಿ ಉಳಿಯುವಂತೆ ಮಾಡುವುದು ನಿಮ್ಮ ಜವಾಬ್ದಾರಿ. ಪ್ಲಾಸ್ಟಿಕ್ಕಿನ ಮುಚ್ಚಳ, ಉಕ್ಕಿನ ತಳ ಎರಡೂ ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ.

ಕರ್ನಾಟಕಕ್ಕೆ ಈ ದಾರಿ ಹೊಸದೇನಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಕಿರಣ್ ಮಜುಂದಾರ್ ಬಯೋಕಾನ್ ಆರಂಭಿಸಿದಾಗ ತಯಾರಾಗುತ್ತಿದ್ದದ್ದು ಪಪ್ಪಾಯಿಯ ಹಾಲಿನಿಂದ ತೆಗೆದ ಪಪೈನ್ ಕಿಣ್ವ. ಮುಂದೆ ಆ ಸಂಸ್ಥೆ ಕಟ್ಟಿದ ಪ್ಲಾಫ್ರಾಕ್ಟರ್ ಎಂಬ ಯಂತ್ರಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಗೋಧಿ ತವುಡಿನಂಥ ಘನ ಪದಾರ್ಥದ ಮೇಲೆ ಬೂಷ್ಟು ಬೆಳೆಸುವ ಯಂತ್ರ ಅದು. ತವುಡಿನ ರಾಶಿಯಲ್ಲಿ ಬೂಷ್ಟು ಬೆಳೆದಂತೆ ಶಾಖ ಏರುತ್ತದೆ, ತವುಡು ಆ ಶಾಖವನ್ನು ಹೊರಗೆ ಬಿಡುವುದಿಲ್ಲ, ನಡುವಿನ ಬೂಷ್ಟು ಸುಟ್ಟುಹೋಗುತ್ತದೆ. ಅದಕ್ಕಾಗಿ ತವುಡನ್ನು ತೆಳುವಾಗಿ ತಟ್ಟೆಗಳಲ್ಲಿ ಹರಡಿ, ತಟ್ಟೆಯೊಳಗೇ ತಂಪು ದ್ರವ ಹರಿಯುವ ನಾಳ ಕೊರೆದು, ಒಂದರ ಮೇಲೊಂದು ಪೇರಿಸಿದರು. ರೋಗಾಣು ಕೊಲ್ಲುವುದು, ಬಿತ್ತುವುದು, ಬೆಳೆಸುವುದು, ಕೊನೆಗೆ ಬೇಕಾದ ರಾಸಾಯನಿಕವನ್ನು ತೊಳೆದು ತೆಗೆಯುವುದು ಎಲ್ಲವೂ ಮುಚ್ಚಿದ ಅದೇ ಪೆಟ್ಟಿಗೆಯಲ್ಲಿ. ಹೆಚ್ಚು ಬೇಕೆಂದರೆ ಇನ್ನಷ್ಟು ತಟ್ಟೆ, ಕಡಿಮೆ ಸಾಕೆಂದರೆ ಕಡಿಮೆ ತಟ್ಟೆ. ಶಾಖವನ್ನು ಹೊರಗೆ ಹಾಕುವುದು ಹೇಗೆಂಬ ಪ್ರಶ್ನೆಯಿಂದಲೇ ಯಂತ್ರವೊಂದು ನಮ್ಮ ರಾಜ್ಯದಲ್ಲೇ ಹುಟ್ಟಿರುವಾಗ, ಕಾಲು ಶತಮಾನದ ಮೇಲೂ ಕೋಶ ಸಾಕುವ ಪೆಟ್ಟಿಗೆಗಳು ತಣ್ಣನೆಯ ಊರುಗಳ ಲೆಕ್ಕದಲ್ಲೇ ಬರುತ್ತಿರುವುದು ನನಗೆ ನೋವಿನ ವಿಷಯ. ಪ್ಲಾಫ್ರಾಕ್ಟರ್ ಸಾಕಿದ್ದು ಬೂಷ್ಟನ್ನು, ನೀವು ಸಾಕಹೊರಟಿರುವುದು ಅದಕ್ಕಿಂತ ಬಹಳ ನಾಜೂಕಾದ ಕೋಶಗಳನ್ನು, ಒಪ್ಪುತ್ತೇನೆ. ಪದರ ಪದರವಾಗಿ ಪೇರಿಸುವ, ಪ್ರತಿ ಪದರಕ್ಕೂ ತಂಪು ಮುಟ್ಟಿಸುವ ಅದರ ವಿಚಾರವನ್ನು ಅಲ್ಲಿಂದ ತೆಗೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಇನ್ನು, ನಾರಾಯಣಪುರದ ಕಡೆ ಇಂಥ ಯಂತ್ರದ ಕೆಲಸವೇನು ಎಂದು ನೀವು ಕೇಳಬಹುದು. ಔಷಧ ಬೆಂಗಳೂರಿನಲ್ಲಿ ತಯಾರಾಗಿ ಲಾರಿಯಲ್ಲಿ ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ಕ್ಯಾನ್ಸರಿಗೆ ರೋಗಿಯದೇ ಬಿಳಿ ರಕ್ತಕಣಗಳನ್ನು ಬದಲಿಸಿ ಬೆಳೆಸಿ ಮರಳಿ ಕೊಡುವ ಚಿಕಿತ್ಸೆಯನ್ನು ಬೆಂಗಳೂರಿನ ಇಮ್ಯುನೀಲ್ ಕಟ್ಟಿದೆ. ಪ್ಯಾಂಡೋರಂ ಸಂಸ್ಥೆ 2015ರಲ್ಲೇ ಯಕೃತ್ತಿನ ಅಂಗಾಂಶದ ತುಣುಕನ್ನು ಮುದ್ರಿಸಿ ತೋರಿಸಿತು. ಅಂಥ ಕೆಲಸ ಅಲ್ಲೇ ನಡೆಯಬೇಕು. ಇಲ್ಲಿ, ಇಲ್ಲಿಯ ನೀರಿನೊಡನೆಯೇ ನಡೆಯಬೇಕಾದ ಕೆಲಸ ಇನ್ನೊಂದಿದೆ.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಹಿಂದೆ ಚಿನ್ನ ತೆಗೆದ ಮಂಗಳೂರು ಶಿಲಾಪಟ್ಟಿಯ ಪಕ್ಕದ ತಾಂಡಾ ಅದು. ಇದು ಕರಾವಳಿಯ ಮಂಗಳೂರಲ್ಲ, ನಮ್ಮ ಜಿಲ್ಲೆಯದು. ಆ ಪಟ್ಟಿಯ 59 ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಶೇಕಡಾ 79ರಷ್ಟು ಮಾದರಿಗಳಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಅತಿ ಹೆಚ್ಚಿದ್ದ ಬಾವಿಯಲ್ಲಿ 303. ಪರೀಕ್ಷೆಗೊಳಗಾದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು. ಕೂದಲು, ಉಗುರು ಕೊಟ್ಟ ಎಲ್ಲರಲ್ಲೂ ಅದರ ಪ್ರಮಾಣ ಏರಿತ್ತು. ಕೃಷ್ಣೆಯ ನೀರು ನಮ್ಮ ಒಡ್ಡಿನಲ್ಲಿ ನಿಂತಿರುವಾಗ ಅದೇ ಜಿಲ್ಲೆಯ ಜನ ವಿಷದ ಬಾವಿ ಸೇದಿ ಕುಡಿದರು.

ನೀರಿನಲ್ಲಿ ಆರ್ಸೆನಿಕ್ ಎಷ್ಟಿದೆ ಎಂದು ತಿಳಿಯಲು ಜೀವಕೋಶ ಬೇಡ, ರಾಸಾಯನಿಕ ಪರೀಕ್ಷೆಯೇ ಸಾಕು. ಆದರೆ ಊರಿನ ಬಾವಿಯಲ್ಲಿ ಆರ್ಸೆನಿಕ್ ಒಂಟಿಯಾಗಿ ಇರುವುದಿಲ್ಲ. ಫ್ಲೋರೈಡ್ ಇರುತ್ತದೆ, ಗೊಬ್ಬರದ ನೈಟ್ರೇಟ್ ಇರುತ್ತದೆ, ಹತ್ತಿ ಮೆಣಸಿನ ಹೊಲಕ್ಕೆ ಹೊಡೆದ ಕೀಟನಾಶಕದ ಉಳಿಕೆ ಇರುತ್ತದೆ. ಒಂದೊಂದೂ ಮಿತಿಯೊಳಗಿದ್ದರೂ ಎಲ್ಲ ಕೂಡಿ ಚರ್ಮದ ಕೋಶಕ್ಕೆ, ಮೂತ್ರಪಿಂಡದ ಕೋಶಕ್ಕೆ ಏನು ಮಾಡುತ್ತವೆ ಎಂಬುದನ್ನು ರಾಸಾಯನಿಕ ಪಟ್ಟಿ ಹೇಳುವುದಿಲ್ಲ. ಜನ ಆ ನೀರನ್ನು ಒಂದು ದಿನ ಕುಡಿಯುವುದಿಲ್ಲ, ವರ್ಷಗಟ್ಟಲೆ ಕುಡಿಯುತ್ತಾರೆ. ಗಾಜಿನ ತಟ್ಟೆಯಲ್ಲಿ ನಿಂತ ದ್ರವದಲ್ಲಿ ಕೋಶವನ್ನು ಇಟ್ಟು ಇದನ್ನು ಪರೀಕ್ಷಿಸಲು ಹೋದರೆ ಎರಡು ಮೂರು ದಿನಕ್ಕೆ ದ್ರವ ಹಳಸುತ್ತದೆ, ಬದಲಿಸುವಾಗಲೆಲ್ಲ ವಿಷದ ಪ್ರಮಾಣ ಏರಿಳಿಯುತ್ತದೆ. ನಿಮ್ಮ ಹರಿವಿನ ಕೋಣೆಯಲ್ಲಿ ಪ್ರಮಾಣ ಸ್ಥಿರವಾಗಿರುತ್ತದೆ. ಪುಡಿರೂಪದ ಪೋಷಕವನ್ನು ಬಾವಿಯ ನೀರಿನಲ್ಲೇ ಕಲಸಿ, 0.22 ಮೈಕ್ರಾನ್ ರಂಧ್ರದ ಸೋಸುಕದಿಂದ ಸೋಸಿ, ವಾರಗಟ್ಟಲೆ ನಿಧಾನವಾಗಿ ಹರಿಸಬಹುದು. ಪಕ್ಕದ ಇನ್ನೊಂದು ಕೋಣೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು, ಮೂರನೆಯದರಲ್ಲಿ ಕಾಲುವೆಯ ನೀರು. ಮೂರರ ಕೋಶಗಳನ್ನೂ ಒಂದೇ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಫಲಿತಾಂಶವನ್ನು ವೈದ್ಯಕೀಯ ತೀರ್ಪು ಎಂದು ಯಾರೂ ತಿಳಿಯಬಾರದು. ತಟ್ಟೆಯಲ್ಲಿನ ಕೋಶ ಮನುಷ್ಯನ ದೇಹವಲ್ಲ. ಯಾವ ಬಾವಿಯನ್ನು ಮೊದಲು ಮುಚ್ಚಬೇಕು, ಯಾವ ಫಿಲ್ಟರು ನಿಜವಾಗಿ ಕೆಲಸ ಮಾಡುತ್ತಿದೆ ಎಂದು ಕೇಳಲು ಒಂದು ಬಲವಾದ ಆಧಾರ ಸಿಗುತ್ತದೆ, ಅದು ನಮಗೆ ಬಹಳ ದೊಡ್ಡದು. ಮಾದರಿಯನ್ನು ಬೆಂಗಳೂರಿಗೆ ಕಳಿಸಿ ಉತ್ತರಕ್ಕಾಗಿ ಕಾಯುವ ಊರು ಪ್ರಶ್ನೆ ಕೇಳುವುದನ್ನೇ ಮರೆಯುತ್ತದೆ.

ನೀರಿನ ಜೊತೆಗೆ ಹಾವಿನ ಮಾತನ್ನೂ ಸೇರಿಸಬೇಕು. ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹಳಷ್ಟು ಮಂದಿ ಹೊಲದಲ್ಲಿ ದುಡಿಯುವವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಔಷಧ ಇಂದಿಗೂ ಕುದುರೆಯ ರಕ್ತದಿಂದಲೇ ಬರುತ್ತಿದೆ. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ, ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ, ನಾಗರ, ಕಟ್ಟುಹಾವುಗಳ ನರವಿಷದ ಒಂದು ಮುಖ್ಯ ಗುಂಪನ್ನು ತಡೆಯುವ ಮಾನವ ಪ್ರತಿಕಾಯವನ್ನು ತೋರಿಸಿತು. ಮಂಡಲದ ಹಾವಿನ ವಿಷಕ್ಕೆ ಅದು ನಾಟುವುದಿಲ್ಲ. ಅದಕ್ಕೆ ಬೇರೆ ಪ್ರತಿಕಾಯ ಬೇಕು. ಇಂಥವು ಔಷಧವಾಗುವ ದಿನ ಬಂದಾಗ ಬೆಳೆಯುವುದು ಕುದುರೆಯಲ್ಲಲ್ಲ, ನಿಮ್ಮ ಕೋಣೆಗಳಲ್ಲಿ. ಗದ್ದೆಯಲ್ಲಿ ಕಚ್ಚಿಸಿಕೊಂಡವನಿಗೆ ಆ ಔಷಧದ ಬೆಲೆ ಎಟುಕುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದರಲ್ಲಿ ಕೋಣೆಯ ಖರ್ಚಿಗೂ ಪಾಲಿದೆ.

ಹಾಗಾದರೆ ನಮ್ಮ ಊರಿಗೆ ಹೊಂದುವ ಕೋಣೆ ಹೇಗಿರಬೇಕು? ಮೊದಲನೆಯದು ಶಾಖ. ಹೀಟರಿನ ಬದಲು ಪೆಲ್ಟಿಯರ್ ತಟ್ಟೆ ಹಾಕಿ. ವಿದ್ಯುತ್ತಿನ ದಿಕ್ಕು ತಿರುಗಿಸಿದರೆ ಅದೇ ತಟ್ಟೆ ಬಿಸಿಯನ್ನೂ ಕೊಡುತ್ತದೆ, ತಂಪನ್ನೂ ಕೊಡುತ್ತದೆ. ಕೋಣೆ ಚಿಕ್ಕದಾದಷ್ಟೂ ಅದಕ್ಕೆ ಬೇಕಾದ ವಿದ್ಯುತ್ತು ಕಡಿಮೆ. ಇಡೀ ಪ್ರಯೋಗಾಲಯಕ್ಕೆ ಎಸಿ ಹಾಕಿಸಿ ಎನ್ನುವುದು ಉತ್ತರವಲ್ಲ, ಕರೆಂಟು ಹೋದ ಕೂಡಲೇ ಎಸಿಯೂ ಹೋಗುತ್ತದೆ. ಈ ಚಿಂತೆ ನಮ್ಮ ಕಡೆಯದಷ್ಟೇ ಎಂದೂ ತಿಳಿಯಬೇಡಿ. 2024ರ ಏಪ್ರಿಲ್ ಕೊನೆಗೆ ಬೆಂಗಳೂರೇ 38.5 ಡಿಗ್ರಿ ಕಂಡಿತು.

ಕರೆಂಟಿನ ವಿಷಯಕ್ಕೆ ನಿಮ್ಮ ಊರಿನಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳ ತರಗತಿ ಯೋಜನೆಯಾಗಿ ಹುಟ್ಟಿ, ಬೆಂಗಳೂರಿಗೆ ಬಂದು ನೆಲೆಯೂರಿದ ಎಂಬ್ರೇಸ್ ಎಂಬ ಶಿಶು ಬೆಚ್ಚಗಿಡುವ ಚೀಲದ ಒಳಗೆ ಮೇಣದಂಥ ಒಂದು ಪದಾರ್ಥವಿದೆ. ದೇಹದ ಉಷ್ಣತೆಯ ಆಸುಪಾಸಿನಲ್ಲೇ ಅದು ಕರಗುತ್ತದೆ, ಗಟ್ಟಿಯಾಗುತ್ತದೆ. ಹಾಗೆ ಮಾಡುವಾಗ ವಿದ್ಯುತ್ತಿಲ್ಲದೆ ಗಂಟೆಗಟ್ಟಲೆ ಉಷ್ಣತೆಯನ್ನು ಹಿಡಿದಿಡುತ್ತದೆ. ತೂಕ ಕಡಿಮೆಯ ಕೂಸಿಗೂ ಜೀವಕೋಶಕ್ಕೂ ಬೇಕಾದದ್ದು ಅದೇ 37 ಡಿಗ್ರಿ. ಕೋಣೆಯ ಗೋಡೆಯಲ್ಲಿ ಅಂಥ ಪದಾರ್ಥದ ಪದರವಿದ್ದರೆ ಮಧ್ಯಾಹ್ನದ ಕಡಿತವನ್ನು ಕೋಶಗಳು ದಾಟುತ್ತವೆ. ಪಂಪು ಮಾತ್ರ ಸಣ್ಣ ಬ್ಯಾಟರಿಯಿಂದ ನಡೆದರೆ ಸಾಕು.

ಇಂಗಾಲದ ಡೈಆಕ್ಸೈಡಿನ ಸಿಲಿಂಡರು ಇಲ್ಲಿ ಬೇಕೆಂದಾಗ ಸಿಗುವುದಿಲ್ಲ. ಪೋಷಕ ದ್ರವದ ಆಮ್ಲೀಯತೆ ಹದದಲ್ಲಿರಲು ಶೇಕಡಾ 5ರಷ್ಟು ಆ ಅನಿಲ ಬೇಕೆಂಬುದು ಸಾಮಾನ್ಯ ಪದ್ಧತಿ. 1963ರಲ್ಲೇ ಲೀಬೊವಿಟ್ಜ್ ಎಂಬಾತ ಬರಿಯ ಗಾಳಿಯಲ್ಲೇ ಹದ ತಪ್ಪದ ಎಲ್-15 ಎಂಬ ದ್ರವವನ್ನು ರೂಪಿಸಿದ್ದ. ಎಲ್ಲ ಕೋಶಗಳೂ ಅದರಲ್ಲಿ ಸುಖವಾಗಿರುವುದಿಲ್ಲ, ಹಲವು ಇರುತ್ತವೆ. ನಿಮ್ಮ ಕೋಣೆ ಎರಡೂ ವಿಧಾನಗಳಿಗೆ ಒಗ್ಗಲಿ. ಆಮ್ಲಜನಕದ ಸೆನ್ಸರನ್ನು ಇಲ್ಲಿಗೆ ತಂದ ಮೇಲೆ ಮತ್ತೊಮ್ಮೆ ಹೊಂದಿಸಬೇಕು ಎಂಬುದನ್ನು ಕೈಪಿಡಿಯ ಮೊದಲ ಪುಟದಲ್ಲೇ ಬರೆಯಿರಿ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ನಮ್ಮ ಜಲಾಶಯ ತುಂಬಿದಾಗಿನ ನೀರಿನ ಮಟ್ಟವೇ 492 ಮೀಟರ್. ಗಾಳಿಯ ಒತ್ತಡದ ವ್ಯತ್ಯಾಸದಿಂದ ಸೆನ್ಸರು ಅಲ್ಲಿ ತೋರಿಸುವ ನೂರಕ್ಕೂ ಇಲ್ಲಿ ತೋರಿಸುವ ನೂರಕ್ಕೂ ಶೇಕಡಾ ಐದರಷ್ಟು ಅಂತರ ಬರುತ್ತದೆ. ಬೇಸಿಗೆಯ ಒಣಗಾಳಿ ಸಿಲಿಕೋನ್ ನಳಿಗೆಗಳ ಗೋಡೆಯ ಮೂಲಕವೇ ನೀರನ್ನು ಹೀರಿ ದ್ರವವನ್ನು ಉಪ್ಪಾಗಿಸುತ್ತದೆ. ಈ ಭಾಗದ ನೆಲದಲ್ಲಿ ಸುಣ್ಣಕಲ್ಲೂ ಇದೆ. ಬಾವಿಯ ಗಡಸು ನೀರನ್ನು ತಂಪಿನ ನಾಳದಲ್ಲಿ ಹರಿಸಿದರೆ ಬಿಳಿ ಪೊರೆ ಕಟ್ಟಿಕೊಳ್ಳುತ್ತದೆ. ಇವೆಲ್ಲ ಬೆಂಗಳೂರಿನ ಮೇಜಿನ ಮೇಲೆ ಕಾಣಿಸದ ತೊಂದರೆಗಳು.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಕೇಳುವುದು ರಿಪೇರಿಯನ್ನು. 1935ರಲ್ಲಿ ಅಲೆಕ್ಸಿಸ್ ಕ್ಯಾರೆಲ್ ಎಂಬ ಶಸ್ತ್ರವೈದ್ಯನ ಜೊತೆ ಸೇರಿ ಇಡೀ ಅಂಗವನ್ನು ದೇಹದ ಹೊರಗೆ ಜೀವಂತವಾಗಿಡುವ ಗಾಜಿನ ಪಂಪು ರೂಪಿಸಿದವನು ಚಾರ್ಲ್ಸ್ ಲಿಂಡ್‌ಬರ್ಗ್, ಅಟ್ಲಾಂಟಿಕ್ ದಾಟಿದ ವಿಮಾನಿ. ಜೀವಶಾಸ್ತ್ರದ ಪದವಿ ಅವನಿಗಿರಲಿಲ್ಲ, ಯಂತ್ರ ಗೊತ್ತಿತ್ತು. ನಮ್ಮಲ್ಲೂ ಯಂತ್ರ ಗೊತ್ತಿರುವವರಿದ್ದಾರೆ. 2023ರ ಜನವರಿ 19ರಂದು ಇಲ್ಲಿಗೆ ಸಮೀಪದ ಕೊಡೇಕಲ್ಲಿನಲ್ಲಿ ಪ್ರಧಾನಿ ಉದ್ಘಾಟಿಸಿದ ಎಡದಂಡೆ ಕಾಲುವೆಯ ಆಧುನೀಕರಣಕ್ಕೆ ಸುಮಾರು 4,700 ಕೋಟಿ ರೂಪಾಯಿ ಖರ್ಚಾಗಿದೆ. 10,000 ಕ್ಯೂಸೆಕ್ ಹರಿಸಬಲ್ಲ ಆ ಕಾಲುವೆಯ ವ್ಯಾಪ್ತಿಗೆ ನಾಲ್ಕೂವರೆ ಲಕ್ಷ ಹೆಕ್ಟೇರ್ ಸೇರಿದೆ, ಗೇಟುಗಳನ್ನು ಸ್ಕಾಡಾ ವ್ಯವಸ್ಥೆಯಲ್ಲಿ ದೂರದಿಂದ ಏರಿಸಿ ಇಳಿಸಲಾಗುತ್ತದೆ. ಸೆನ್ಸರು, ಗೇಟು, ಹರಿವಿನ ಲೆಕ್ಕ ಎಂದರೆ ಅರ್ಥವಾಗುವ ಹುಡುಗ ಹುಡುಗಿಯರು ಐಟಿಐ, ಡಿಪ್ಲೊಮಾ ಓದಿ ಇಲ್ಲೇ ಇದ್ದಾರೆ. ಅವರ ಕೈಗೆ ನಿಮ್ಮ ಯಂತ್ರವನ್ನು ಬಿಚ್ಚಲಾಗದ ಪೆಟ್ಟಿಗೆಯಾಗಿ ಕೊಡಬೇಡಿ. ಸಾಮಾನ್ಯ ಸ್ಕ್ರೂಗಳಿರಲಿ, ಸೀಲುಗಳು ಪೇಟೆಯಲ್ಲಿ ಸಿಗುವ ಅಳತೆಯವಾಗಿರಲಿ, ನಕ್ಷೆ ಎಲ್ಲರಿಗೂ ತೆರೆದಿರಲಿ, ಕೈಪಿಡಿ ಕನ್ನಡದಲ್ಲೂ ಇರಲಿ. ಕೋಶಕ್ಕೆ ತಾಗುವ ಭಾಗವನ್ನು ಮಾತ್ರ ರೋಗಾಣುಮುಕ್ತ ಪೊಟ್ಟಣದಲ್ಲಿ ಪ್ರತ್ಯೇಕ ಕಳಿಸಿ. ಉಳಿದದ್ದನ್ನು ಇಲ್ಲೇ ತೊಳೆದು, ಬಿಚ್ಚಿ, ಜೋಡಿಸಿಕೊಳ್ಳುತ್ತಾರೆ.

ಎಲ್ಲಿ ಇಡುವುದು ಎಂಬುದಕ್ಕೂ ಜಾಗಗಳಿವೆ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ, ಯಾದಗಿರಿಯಲ್ಲಿ ಈಗ ವೈದ್ಯಕೀಯ ಕಾಲೇಜಿದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬಯೋಇ3 ನೀತಿ ಜೈವಿಕ ತಯಾರಿಕೆಯನ್ನು ಉತ್ತೇಜಿಸಲೆಂದೇ ಬಂದದ್ದು. ಹಣ ಹರಿಯುತ್ತದೆ; ಅದೂ ಟೇಲೆಂಡನ್ನು ತಲುಪಬೇಕು. ಆ ಹಣಕ್ಕೆ ಮನವಿ ಬರೆಯುವಾಗ ಒಂದು ಕೋಣೆಯನ್ನಾದರೂ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಬರುವ ನಮ್ಮಂಥ ಹಿಂದುಳಿದ ಜಿಲ್ಲೆಯಲ್ಲಿ ಪರೀಕ್ಷಿಸುತ್ತೇವೆ ಎಂಬ ಸಾಲನ್ನು ನೀವೇ ಸೇರಿಸಿ. ಬೇರೆಯವರು ಸೇರಿಸಲಿ ಎಂದು ಕಾದರೆ ಯಾರೂ ಸೇರಿಸುವುದಿಲ್ಲ.

ಪರೀಕ್ಷೆಗೆ ಡಿಸೆಂಬರಿನಲ್ಲಿ ಬರಬೇಡಿ, ಆಗ ಎಲ್ಲ ಯಂತ್ರಗಳೂ ಚೆನ್ನಾಗಿ ನಡೆಯುತ್ತವೆ. ಮೇ ಮೊದಲ ವಾರ ಬನ್ನಿ. ಕರೆಂಟು ಹೋದಾಗ ಜನರೇಟರು ಹಾಕದೆ ಏನಾಗುತ್ತದೆಂದು ಕೂತು ನೋಡೋಣ. ಕೋಶ ಸತ್ತರೆ ಆ ಫಲಿತಾಂಶವನ್ನೂ ಕೋಶ ಬದುಕಿದ ಫಲಿತಾಂಶದ ಪಕ್ಕದಲ್ಲೇ ಪ್ರಕಟಿಸಿ. ಹೊರಡುವ ಮೊದಲು ಸೀಲುಗಳ ಅಳತೆ, ನಳಿಗೆಯ ಒಳವ್ಯಾಸ, ಪಂಪಿನ ವೋಲ್ಟೇಜು ಬರೆದು ಕಳಿಸಿ. ಸುರಪುರ, ಶಹಾಪುರದ ಅಂಗಡಿಗಳಲ್ಲಿ ಯಾವುದು ಸಿಗುತ್ತದೆ, ಯಾವುದನ್ನು ಕಲಬುರಗಿಯಿಂದ ತರಿಸಬೇಕು ಎಂದು ನಾನು ಮತ್ತು ನನ್ನ ವಿದ್ಯಾರ್ಥಿಗಳು ಮೊದಲೇ ವಿಚಾರಿಸಿ ಇಟ್ಟಿರುತ್ತೇವೆ.

ಇಂತಿ,
ನಾರಾಯಣಪುರದ ಒಬ್ಬ ವಿಜ್ಞಾನ ಶಿಕ್ಷಕ